ಗಾಳಿಗೆ ಬಿಟ್ಟ ಮುಂಗೈ

“ಕೈ ಚಾಚಿ” ಅಂದಳು ದೊಡ್ಡ ಸೊಸೆ.

ಪತ್ತೇದಾರ ನೊಣ ಚಾಚಲಿಲ್ಲ. ಮೇಜಿನ ಮೇಲಿದ್ದ ಬಿಳಿ ಡಬ್ಬಿಯನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ. ಅವಳ ಮಾವ ಸತ್ತದ್ದು ಇಂಥದೇ ಮುಲಾಮಿನಿಂದ ಎಂದು ಊರೆಲ್ಲ ಆಡಿಕೊಳ್ಳುತ್ತಿರುವಾಗ, ಅದನ್ನು ಮಾಡಿದವಳೇ ಕೈ ಚಾಚಿ ಅಂದರೆ ಎಂಥ ಗಂಡೆದೆಯವನಿಗೂ ಒಂದು ಗಳಿಗೆ ಅಳುಕಾಗುತ್ತದೆ.

“ಭಯನಾ? ನೋಡಿ ಹಾಗಾದ್ರೆ.”

ಅವಳು ತನ್ನ ಎಡತೋಳಿನ ಬಟ್ಟೆ ಮೇಲೇರಿಸಿ, ಚಪ್ಪಟೆ ಚಮಚದಲ್ಲಿ ಧಾರಾಳವಾಗಿ ತೆಗೆದು ಮುಂಗೈಗೆ ಬಳಿದುಕೊಂಡಳು. ಆಮೇಲೆ ಅದೇ ಚಮಚ ಅವನತ್ತ ಬಂತು. ಇನ್ನು ಹಿಂದೆಗೆದರೆ ಮರ್ಯಾದೆ ಉಳಿಯುವುದಿಲ್ಲ. ನೊಣ ಅಂಗಿಯ ತೋಳು ಮಡಚಿದ. ಅವನ ಪಾಲಿಗೆ ಬಂದದ್ದು ಜಿಪುಣರ ಮನೆಯ ತುಪ್ಪದಷ್ಟು. ತಣ್ಣಗಿತ್ತು, ವಾಸನೆ ಇರಲಿಲ್ಲ.

“ಇಲ್ಲಿಗೆ ಡಾಕ್ಟರು ಬರ್ತಾರೆ, ಏಜೆಂಟರು ಬರ್ತಾರೆ, ಆಫೀಸರು ಬರ್ತಾರೆ. ಯಾರೇ ಬರ್ಲಿ, ಮೊದಲು ನನ್ನ ಕೈಗೆ, ಆಮೇಲೆ ಅವರ ಕೈಗೆ, ಆಮೇಲೇ ಮಾತು. ಒರೆಸ್ಬೇಡಿ, ತೋಳೂ ಇಳಿಸ್ಬೇಡಿ. ಗಾಳಿಗೆ ಬಿಡಿ.”

“ಅಕ್ಕ, ನಾನು ಬಂದಿದ್ದು...”

“ಅಕ್ಕ ಅನ್ಬೇಡಿ. ನಿಮ್ಮ ತಂಗಿ ನನಗೆ ವಾರಗಿತ್ತಿ ಆಗಿದ್ದು ನನ್ನ ಹಣೆಬರಹ. ನಿಮ್ಮನ್ನೂ ತಮ್ಮ ಅಂತ ಹೊತ್ಕೊಳ್ಳೋ ಕರ್ಮ ನನಗಿಲ್ಲ. ಮೇಡಂ ಅನ್ನಿ.”

“ಆಗ್ಲಿ ಮೇಡಂ.”

ಆಮೇಲೇ ಮಾತು ಅಂದವಳು ಮಾತಿಗೆ ಕೂರಲೂ ಇಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ತಿರುಗುತ್ತಿದ್ದ ಗಾಜಿನ ಬುರುಡೆಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು. ಬುರುಡೆಯ ಒಳಮೈಗೆ ಹಾಲಿನ ಕೆನೆಯಷ್ಟು ತೆಳ್ಳಗೆ ಏನೋ ಅಂಟಿಕೊಳ್ಳುತ್ತಿತ್ತು. ಬಂದವನನ್ನು ಕಾಯಿಸಿಯೇ ಅರ್ಧ ಸೋಲಿಸುವವರ ಪೈಕಿ ಇವಳು ಎಂದು ನೊಣನಿಗೆ ಗೊತ್ತಾಯಿತು. ಕಾಯುವುದೇ ಅವನ ಕಸುಬು. ಸ್ಟೂಲು ಎಳೆದುಕೊಂಡು ಕೂತ.

ನೊಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಎಷ್ಟು ಓಡಿಸಿದರೂ ಮತ್ತೆ ಬಂದು ಅಲ್ಲೇ ಕೂರುತ್ತಾನೆ ಎಂದು ಪೊಲೀಸರು ಇಟ್ಟದ್ದು. ಖಾಸಗಿ ಪತ್ತೇದಾರನಿಗೆ ಇದಕ್ಕಿಂತ ದೊಡ್ಡ ಬಿರುದು ಯಾಕೆ ಎಂದು ಅವನೂ ಒಪ್ಪಿಕೊಂಡಿದ್ದ. ಆದರೆ ಈ ಸಲ ನೊಣ ಕೂತಿದ್ದು ತನ್ನದೇ ಗಾಯದ ಮೇಲೆ. ಲಾಕಪ್ಪಿನಲ್ಲಿದ್ದವಳು ಅವನ ಒಡಹುಟ್ಟಿದ ತಂಗಿ, ಈ ಮನೆಯ ಚಿಕ್ಕ ಸೊಸೆ.

ಮುಲಾಮು ಕಾರ್ಖಾನೆಯ ಯಜಮಾನರು ಕೆಲವು ದಿನಗಳ ಹಿಂದೆ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ರಕ್ತದಲ್ಲಿ ಎದೆಬಡಿತ ಇಳಿಸುವ ಔಷಧಿ ಸಿಕ್ಕಿತು. ಹೊಟ್ಟೆಯಲ್ಲಿ ಅದು ಇರಲಿಲ್ಲ, ಮೈಮೇಲೆ ಸೂಜಿಯ ಗುರುತೂ ಇರಲಿಲ್ಲ. ದಿನಾ ಅವರ ಮಂಡಿಗೆ ಈ ಹೊಸ ಮುಲಾಮು ತಿಕ್ಕುತ್ತಿದ್ದವಳು ಚಿಕ್ಕ ಸೊಸೆ. ಅವಳ ಟ್ಯೂಬಿನಲ್ಲೂ ಅದೇ ಔಷಧಿ ಬೆರೆತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಇನ್‌ಸ್ಪೆಕ್ಟರಿಗೆ ಇನ್ನೇನು ಬೇಕು.

ಇವತ್ತು ಬೆಳಿಗ್ಗೆ ಠಾಣೆಗೆ ಹೋದಾಗ ತಂಗಿ ಕಂಬಿಯ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಅಣ್ಣನನ್ನು ಕಂಡು ಅಳಲಿಲ್ಲ.

“ಸಮಾಧಾನ ಹೇಳೋಕೆ ಬಂದಿದ್ರೆ ಹೋಗು. ಅಮ್ಮ ನಮಗೆ ಮುಲಾಮು ಹಚ್ಚಿ ಕಟ್ತಿದ್ದಳಲ್ಲ, ಹಾಗೇ ಮಾವನೋರಿಗೂ ಕಟ್ಟಿದೆ. ಅದರಲ್ಲಿ ನನ್ನ ತಪ್ಪೇನು ಅಂತ ಇವರನ್ನ ಕೇಳು. ಕೇಳೋ ಧೈರ್ಯ ಇಲ್ಲಾಂದ್ರೆ ಪತ್ತೇದಾರ ಅಂತ ಬೋರ್ಡ್ ಯಾಕೆ ಹಾಕ್ಕೊಂಡಿದೀಯ.”

ಠಾಣೆಯ ಜಗಲಿಯಲ್ಲಿ ಅವಳ ಗಂಡ ನಿಂತಿದ್ದ. ಯಜಮಾನರ ಚಿಕ್ಕ ಮಗ, ಕಾರ್ಖಾನೆಯ ಮಾರಾಟ ನೋಡಿಕೊಳ್ಳುವವನು. ಅಪ್ಪನನ್ನು ಕಳೆದುಕೊಂಡು, ಹೆಂಡತಿಯನ್ನು ಒಳಗೆ ಕಳಿಸಿ, ಗಡ್ಡ ಬಿಟ್ಟುಕೊಂಡು ಬಡವಾಗಿದ್ದ. ಲ್ಯಾಬಿಗೆ ಹೋಗುತ್ತಿದ್ದೇನೆ ಎಂದು ನೊಣ ಅವನಿಗೆ ಹೇಳಿದ್ದ.

“ಹೋಗಿ ಭಾವ. ಅತ್ತಿಗೆ ಬಾಯಿ ಬಿಡಿಸೋಕೆ ನನ್ನಿಂದಂತೂ ಆಗ್ಲಿಲ್ಲ. ಆ ಮುಲಾಮು ಗಿಲಾಮು ನನಗೆ ತಿಳಿಯಲ್ಲ. ನಾನು ಮಾರೋನು, ಮಾಡೋನಲ್ಲ” ಅಂದಿದ್ದ.

ಯಜಮಾನರು ಸತ್ತ ಮೇಲೆ ಕೆಲಸದವರಿಗೆಲ್ಲ ರಜೆ ಕೊಟ್ಟಿದ್ದರು. ದೊಡ್ಡ ಮಗ ಬಹಳ ಹಿಂದೆಯೇ ಹೋಗಿಬಿಟ್ಟಿದ್ದ. ಆ ದೊಡ್ಡ ಲ್ಯಾಬಿನಲ್ಲಿ ಈಗ ಅವನ ವಿಧವೆ ಒಬ್ಬಳೇ, ತಿರುಗುವ ಗಾಜಿನ ಬುರುಡೆಯ ಜೊತೆ.

ಅಂತೂ ಅವಳು ಯಂತ್ರ ನಿಲ್ಲಿಸಿ ತಿರುಗಿದಳು. “ಕೇಳಿ.”

“ನಿಮ್ಮ ಹೇಳಿಕೆಯಿಂದ ನನ್ನ ತಂಗಿ ಒಳಗಿದ್ದಾಳೆ.”

“ನನ್ನ ಹೇಳಿಕೆ ಸುಳ್ಳಲ್ಲ. ಮುಲಾಮಿನಿಂದ ಔಷಧಿ ಚರ್ಮದೊಳಗೆ ಇಳಿಯುತ್ತಾ ಅಂದ್ರು, ಇಳಿಯುತ್ತೆ ಅಂದೆ. ಜೀವ ತೆಗೆಯುವಷ್ಟು ಇಳಿಸ್ಬಹುದಾ ಅಂದ್ರು, ಇಳಿಸ್ಬಹುದು ಅಂದೆ. ಕೇಳದೇ ಇದ್ದಿದ್ದನ್ನೂ ಹೇಳೋಕೆ ನಾನೇನು ಪುರಾಣ ಓದ್ತಿದ್ನಾ?”

“ಅವಳು ಬರಿಗೈಯಲ್ಲಿ ತಿಕ್ಕಿದ್ದಾಳೆ. ಅವಳಿಗೇನೂ ಆಗಿಲ್ವಲ್ಲ.”

“ಅಂಗೈ ಚರ್ಮ ದಪ್ಪ. ತೊಳ್ಕೊಂಡೂ ಇರ್ತಾಳೆ. ಮುಂದಿನ ಪ್ರಶ್ನೆ.”

ಕಡ್ಡಿ ಮುರಿದಂತೆ ಬಂತು ಉತ್ತರ. ಅಷ್ಟರಲ್ಲಿ ನೊಣನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಇನ್‌ಸ್ಪೆಕ್ಟರ್.

“ಏನಪ್ಪಾ ನೊಣ, ಎಲ್ಲಿ ಕೂತಿದೀಯ?”

“ಮುಲಾಮಿನ ಮೇಲೆ ಸಾರ್.”

“ಅಂಟ್ಕೊಂಡು ಸತ್ತೀಯ, ಎದ್ದು ಬಾ. ನಿನ್ನ ತಂಗೀನ ಮಧ್ಯಾಹ್ನ ಕೋರ್ಟಿಗೆ ಹಾಜರು ಮಾಡ್ತಿದೀವಿ. ಅಲ್ಲಿಂದ ನೇರ ಜೈಲಿಗೆ. ಮುಖ ನೋಡೋದಿದ್ರೆ ಬೇಗ ಬಾ.”

“ಒಂದು ಹೇಳಿಕೆ ತರ್ತೀನಿ ಸಾರ್, ಅಲ್ಲಿವರೆಗೆ...”

“ಯಾರದು? ಸತ್ತೋರದಾ?”

ಫೋನ್ ಕಟ್ಟಾಯಿತು. ದೊಡ್ಡ ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಕನಿಕರ ಹೋಗಲಿ, ಕುತೂಹಲವೂ ಕಾಣಲಿಲ್ಲ. ನೊಣನಿಗೆ ಮೈಯೆಲ್ಲ ಉರಿಯಿತು. ಆದರೂ ತಂಗಿಯ ಮಾತು ತಲೆಯಲ್ಲಿ ಕೂತಿತ್ತು, ಅಮ್ಮ ಕಟ್ಟುತ್ತಿದ್ದ ಹಾಗೇ ಕಟ್ಟಿದೆ ಅಂದದ್ದು. ಅದನ್ನು ಕೇಳಲು ಅವನಿಗೆ ಹೆದರಿಕೆ ಇತ್ತು. ಔಷಧಿ ಬೇಗ ಇಳಿಯಲೆಂದೇ ಕಟ್ಟಿದ್ದಾಳೆ, ಆ ಕಟ್ಟೇ ಅವಳ ಜಾಣತನಕ್ಕೆ ಸಾಕ್ಷಿ ಎಂದು ಇನ್‌ಸ್ಪೆಕ್ಟರ್ ಎಣಿಸಿ ಕೂತಿದ್ದ.

“ಮೇಡಂ, ಈ ಮುಲಾಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದ್ರೆ, ಔಷಧಿ ಇನ್ನೂ ಜೋರಾಗಿ ಇಳಿಯುತ್ತಾ?”

ಅವಳು ಮೊದಲ ಸಲ ನಕ್ಕಳು. ಆ ನಗುವಿನಲ್ಲಿ ಸ್ನೇಹ ಇರಲಿಲ್ಲ.

“ಇಷ್ಟೇನಾ ನಿಮ್ಮ ತಲೆ? ಬನ್ನಿ ಇಲ್ಲಿ.”

ಕಿಟಕಿಯ ಪಕ್ಕದ ಮೇಜಿನ ಮೇಲೆ ಗಾಜಿನ ಪುಟ್ಟ ಬಟ್ಟಲುಗಳು ಸಾಲಾಗಿದ್ದವು. ಪ್ರತಿಯೊಂದರ ಬಾಯಿಗೂ ಪ್ರಾಣಿಯ ತೆಳ್ಳನೆ ಚರ್ಮ ಬಿಗಿದಿತ್ತು, ಕೆಳಗೆ ನೀರಿತ್ತು. ಒಂದರ ಚರ್ಮದ ಮೇಲೆ ಹಚ್ಚಿದ ಮುಲಾಮು ಗಾಳಿಗೆ ತೆರೆದಿತ್ತು. ಪಕ್ಕದ್ದಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು. ತೆರೆದ ಬಟ್ಟಲಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಮುಚ್ಚಿದ್ದರ ನೀರು ತಿಳಿಯಾಗಿಯೇ ಇತ್ತು.

“ಎರಡಕ್ಕೂ ಒಂದೇ ಮುಲಾಮು. ಔಷಧಿ ಬದಲು ಬಣ್ಣ ತುಂಬಿದೀನಿ, ಅಷ್ಟೆ.”

“ಮುಚ್ಚಿದ್ರಲ್ಲಿ ಇಳಿದೇ ಇಲ್ವಲ್ಲ.”

“ಬೇರೆ ಮುಲಾಮಾದ್ರೆ ಮುಚ್ಚಿದಷ್ಟೂ ಒಳ್ಳೇದು. ಇದು ಹಾಗಲ್ಲ. ಇದರಲ್ಲಿರೋದು ಕಣ್ಣಿಗೆ ಕಾಣದ ಚೀಲಗಳು. ಲಿಪಿಡ್ ಅಂತೀವಿ, ಒಂಥರಾ ಕೊಬ್ಬು. ಅದರದೇ ಗೋಡೆ, ಒಳಗೆ ಔಷಧಿ. ಗೋಡೆ ಬಳುಕೋ ಹಾಗೆ ಮಾಡಿದೀನಿ. ಬೆಕ್ಕು ಕಿಟಕಿ ಸರಳಿನ ಮಧ್ಯೆ ನುಸುಳಲ್ವಾ, ಹಾಗೆ ತನಗಿಂತ ಸಣ್ಣ ಸಂದಿನಲ್ಲೂ ನುಸುಳುತ್ತೆ.”

“ಬೆಕ್ಕಾದ್ರೆ ಹಾಲಿಗೆ ನುಸುಳುತ್ತೆ. ಇದು ಯಾಕೆ ನುಸುಳಬೇಕು?”

“ನೀರಿಗೆ. ಚರ್ಮದ ಮೇಲುಗಡೆ ಒಣ, ಒಳಗಡೆ ತೇವ. ಮೇಲೆ ಹಚ್ಚಿದ್ದು ಗಾಳಿಗೆ ಒಣಗ್ತಾ ಬಂದ್ರೆ ಚೀಲ ತೇವ ಹುಡುಕ್ಕೊಂಡು ಒಳಗೆ ಓಡುತ್ತೆ. ಮುಚ್ಚಿ ಕಟ್ಟಿದ್ರೆ ಬೆವರು ನಿಂತು ಮೇಲೂ ತೇವ, ಒಳಗೂ ತೇವ. ಮತ್ತೆ ಯಾಕೆ ಓಡುತ್ತೆ? ಅಲ್ಲೇ ಬಿದ್ದಿರುತ್ತೆ.” ಅವಳ ದನಿಯಲ್ಲಿ ಹೆಮ್ಮೆ ಬಂದಿತ್ತು. “ಮೊದಮೊದಲು ಲ್ಯಾಬಿನ ಹೆಂಗಸರು ಒಣಗದಿರಲಿ ಅಂತ ಒಳ್ಳೇ ಮನಸ್ಸಿಂದ ಬಟ್ಟಲು ಮುಚ್ಚಿಡ್ತಿದ್ರು. ಔಷಧಿ ಇಳಿಯದ್ದು ನೋಡಿ ನಾನು ಮುಲಾಮೇ ಸರಿಯಿಲ್ಲ ಅಂತ ಅದನ್ನೇ ಬದಲಾಯಿಸ್ತಾ ಕೂತಿದ್ದೆ. ವರ್ಷಗಳೇ ಹಾಳಾದ್ವು. ಈಗಲೂ ಎರಡೂ ಥರ ಇಡಿ ಅಂತೀನಿ, ಯಾಕೆ ಅಂತ ಹೇಳಲ್ಲ. ಗುಟ್ಟು ಬಿಟ್ರೆ ನಾಳೆ ಪಕ್ಕದ ಬೀದಿಯವನೂ ಮಾಡ್ತಾನೆ.”

“ಯಾರಿಗೆಲ್ಲ ಗೊತ್ತು ಈ ಗುಟ್ಟು?”

“ನನಗೆ. ಮಾವನೋರಿಗೆ ಗೊತ್ತಿತ್ತು. ಮುಗೀತು.”

ನೊಣ ಫೋನ್ ತೆಗೆದ. ತಾನು ಕಾಡಿ ಬೇಡಿದ ಮೇಲೆ ಠಾಣೆಯ ಫೋಟೋಗ್ರಾಫರ್ ಕಳಿಸಿದ್ದ ಫೋಟೋವನ್ನು ಅವಳ ಮುಂದೆ ಹಿಡಿದ. ಕುರ್ಚಿಯಲ್ಲಿ ಯಜಮಾನರು, ಕತ್ತು ಪಕ್ಕಕ್ಕೆ ವಾಲಿದೆ. ಮೇಲೆ ಸರಿಸಿದ ಪಂಚೆಯ ಕೆಳಗೆ ಮಂಡಿಯ ಸುತ್ತ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಂಚು ಹೊಂದಿಸಿ ಬಿಗಿದ ಬಟ್ಟೆ.

ಚಿಕ್ಕಂದಿನಲ್ಲಿ ಬಿದ್ದು ಕಾಲು ಉಳುಕಿಸಿಕೊಂಡು ಬಂದರೆ ಅಮ್ಮ ಬೈಯುತ್ತಲೇ ಮುಲಾಮು ಹಚ್ಚಿ, ಸಾಮಾನು ತಂದ ಪ್ಲಾಸ್ಟಿಕ್ ಚೀಲ ಹರಿದು ಸುತ್ತಿ, ಹಳೇ ಬಟ್ಟೆಯಲ್ಲಿ ಬಿಗಿಯುತ್ತಿದ್ದಳು. ಮದ್ದು ಕಚ್ಚಿಕೊಳ್ಳಲಿ ಅನ್ನುತ್ತಿದ್ದಳು. ಆ ಗಂಟನ್ನು ನೊಣ ಎಲ್ಲಿ ಕಂಡರೂ ಗುರುತಿಸಬಲ್ಲ.

“ದಿನಾ ಹೀಗೇ ಕಟ್ತಿದ್ದಳು. ಹಚ್ಚಿದ ತಕ್ಷಣ.”

ದೊಡ್ಡ ಸೊಸೆ ಫೋನ್ ಕಸಿದುಕೊಂಡು ಬಹಳ ಹೊತ್ತು ನೋಡಿದಳು.

“ನನಗೆ ಯಾರೂ ಹೇಳ್ಲಿಲ್ಲ. ಆ ಮನೆ ಹೊಸಿಲು ತುಳಿದೇ ಎಷ್ಟು ದಿನ ಆಯ್ತೋ.” ಆಮೇಲೆ ಕಹಿಯಾಗಿ ಅಂದಳು, “ಮಾವನೋರಿಗೆ ಗೊತ್ತಿತ್ತಲ್ಲ, ಕಟ್ಟಿದ್ರೆ ಕೆಲಸ ಮಾಡಲ್ಲ ಅಂತ. ಆದ್ರೂ ಕಟ್ಟಿಸ್ಕೊಂಡಿದ್ದಾರೆ. ಸೊಸೆ ಪ್ರೀತಿಯಿಂದ ಕಟ್ಟೋದನ್ನ ಬೇಡ ಅನ್ನೋಕೆ ಮನಸ್ಸು ಬಂದಿಲ್ಲ. ನಾನು ಒಂದು ತಪ್ಪು ಮಾಡಿದ್ರೆ ಎಲ್ಲರ ಮುಂದೆ ಎತ್ತಿ ಆಡೋರು.”

“ಅಂದ್ರೆ ಮಂಡಿಯಿಂದ ಅವರು ಸತ್ತಿಲ್ಲ.”

ಅವಳು ಫೋನ್ ಹಿಂದಕ್ಕೆ ಕೊಟ್ಟಳು. ನೊಣ ಫೋಟೋವನ್ನು ಹಿಗ್ಗಿಸಿದ. ಬಲಗೈಯ ಅಂಗಿ ತೋಳಿನ ಗುಂಡಿ ಹಾಕಿತ್ತು. ಎಡಗೈಯದು ಮೊಣಕೈವರೆಗೆ ಮಡಚಿತ್ತು.

“ಇದು ಯಾಕೆ ಮಡಚಿದೆ ಅಂತ ಇನ್‌ಸ್ಪೆಕ್ಟರನ್ನ ಕೇಳಿದೆ. ಸೆಖೆಗೆ ಅಂದ್ರು. ಸೆಖೆ ಎಡಗೈಗೆ ಮಾತ್ರ ಆಗುತ್ತಾ ಮೇಡಂ?”

ಅವಳ ಮುಖದ ರಕ್ತ ಇಳಿಯಿತು. ತನ್ನದೇ ಎಡಗೈ ಮಡಚಿರುವುದನ್ನು ಒಮ್ಮೆ ನೋಡಿಕೊಂಡಳು.

“ಹೊಸ ಬ್ಯಾಚ್ ಆದ್ರೆ ಮೊದಲು ಮಾವನೋರ ಮುಂಗೈಗೆ. ಕಾರ್ಖಾನೆ ಶುರುವಾದಾಗಿನಿಂದ ಅದೇ ಪದ್ಧತಿ. ನಾನೂ ಅವರನ್ನ ನೋಡೇ ಕಲಿತಿದ್ದು.”

“ಅವತ್ತು ಬ್ಯಾಚ್ ಕಳಿಸಿದ್ರಾ?”

“ಇಲ್ಲ.”

“ಯಾರೋ ನಿಮ್ಮ ಹೆಸರು ಹೇಳಿ ಕೊಟ್ಟಿದ್ದಾರೆ. ತೆರೆದಿಡಬೇಕು ಅಂತ ಗೊತ್ತಿರೋರು. ಮಂಡಿ ಕಟ್ಟಿನಿಂದ ಕೆಲಸ ಆಗದ್ದು ನೋಡಿ ಮುಂಗೈ ಹಿಡಿದೋರು. ಇದನ್ನ ಕೋರ್ಟಲ್ಲಿ ಹೇಳಿ. ಕಟ್ಟಿದ್ರೆ ಇಳಿಯಲ್ಲ ಅನ್ನೋ ಒಂದು ಮಾತು ಸಾಕು.”

“ಹೇಳಿದ್ರೆ ಏನಾಗುತ್ತೆ ಗೊತ್ತಾ?”

“ನನ್ನ ತಂಗಿ ಹೊರಗೆ ಬರ್ತಾಳೆ.”

“ನಾನು ಒಳಗೆ ಹೋಗ್ತೀನಿ. ಗುಟ್ಟು ಗೊತ್ತಿದ್ದೋರು ಇಬ್ಬರು, ಒಬ್ಬರು ಸತ್ರು ಅಂತ ಈಗ ನನ್ನ ಬಾಯಲ್ಲೇ ಹೇಳಿಸಿದ್ರಿ. ನಿಮ್ಮ ತಂಗೀನ ಬಾವಿಯಿಂದ ಎತ್ತೋಕೆ ನನ್ನನ್ನ ತಳ್ಳೋಕೆ ಬಂದಿದೀರಾ?” ಅವಳು ಬಾಗಿಲ ಕಡೆ ಬೆರಳು ತೋರಿಸಿದಳು. “ನಡೀರಿ ಆಚೆ.”

ನೊಣ ಅಲುಗಲಿಲ್ಲ. “ಕಾರ್ಖಾನೆ ನಿಮ್ಮ ಕೈಗೆ ಕೊಡ್ತೀನಿ ಅಂತ ಯಜಮಾನರು ಹೇಳಿದ್ರಂತೆ.”

“ಹೇಳಿದ್ರು. ಹಾಗಾಗಿ ಅವರು ಬದುಕಿರಬೇಕಾಗಿದ್ದು ನನಗೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳು ನಾನಲ್ಲ.”

“ನೀವಲ್ಲ ಅಂತ ನನಗೂ ಅನಿಸ್ತಿದೆ. ಕೊಂದೋರು ಈ ಬಟ್ಟಲುಗಳನ್ನ ನನಗೆ ತೋರಿಸ್ತಿರ್ಲಿಲ್ಲ.”

ಅವಳು ತಿರುಗಿ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ನೊಣನ ಎದೆ ಒಂದು ಬಡಿತ ತಪ್ಪಿ, ತಡವಾಗಿ ಬಡಿಯಿತು. ರಾತ್ರಿ ನಿದ್ದೆ ಇಲ್ಲದ್ದಕ್ಕೆ ಇರಬೇಕು ಎಂದುಕೊಂಡ.

“ನಿಮ್ಮ ತಂಗಿ ಮೇಲೆ ಪ್ರೀತಿಗಲ್ಲ” ಅಂದಳು ದೊಡ್ಡ ಸೊಸೆ ಕೊನೆಗೆ. “ನನ್ನ ಮುಲಾಮಿನ ಮೇಲೆ ಸುಳ್ಳು ಆಪಾದನೆ ಬರೋದನ್ನ ನಾನು ಸಹಿಸಲ್ಲ. ಬರ್ತೀನಿ. ಹೇಳ್ತೀನಿ. ಆಮೇಲೆ ಏನಾಗುತ್ತೋ ಆಗ್ಲಿ.”

ಎರಡು ಹೆಜ್ಜೆ ಇಟ್ಟು ಮೇಜು ಹಿಡಿದುಕೊಂಡಳು. ಹಣೆಯ ಮೇಲೆ ಬೆವರು ಮೂಡಿತ್ತು.

“ಮೇಡಂ?”

ಅವಳು ಬಿಳಿ ಡಬ್ಬಿಯನ್ನು ನೋಡುತ್ತಿದ್ದಳು. “ನಿನ್ನೆ ತಳ ಕಾಣ್ತಿತ್ತು” ಅಂದಳು ಮೆಲ್ಲಗೆ. “ಕೆರೆದು ತೆಗೀಬೇಕಿತ್ತು. ಇವತ್ತು ಕಂಠದವರೆಗೆ ತುಂಬಿದೆ. ನಾನು ತುಂಬಿಸಿಲ್ಲ.”

ನಿಮ್ಮ ಮೇಲಿನ ಸಿಟ್ಟಿನಲ್ಲಿ ನೋಡಲಿಲ್ಲ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ಮೇಜಿನ ಕಾಲಿಗೆ ಒರಗಿಕೊಂಡು ನೆಲಕ್ಕೆ ಜಾರಿದಳು. ನೊಣ ಓಡಿ ಹಿಡಿದ, ಓಡಿದ್ದಕ್ಕೇ ಅವನ ಕಣ್ಣು ಕತ್ತಲಿಟ್ಟಿತು.

“ಒರೆಸಿ... ಒದ್ದೆ ಬಟ್ಟೆ... ಮುಚ್ಚಿ. ಗಾಳಿ ಆಡಬಾರ್ದು. ಆಡದಿದ್ರೆ ಮೇಲಿರೋದು ಮೇಲೇ ನಿಲ್ಲುತ್ತೆ.”

ನೊಣ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸ್ ಕಳಿಸಿ ಅಂದ. ಇನ್‌ಸ್ಪೆಕ್ಟರಿಗೂ ಮಾಡಿದ, ಎತ್ತಲಿಲ್ಲ. ಅವಳ ಮುಂಗೈ ಒರೆಸಿ, ಕರವಸ್ತ್ರ ನೆನೆಸಿ ಹಾಕಿ, ಬಟ್ಟಲುಗಳಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಎಳೆದು ಬಿಗಿಯಾಗಿ ಸುತ್ತಿದ. ತನ್ನ ಕೈಗೂ ಹಾಗೇ ಮಾಡಿ, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದ. ಅಮ್ಮನ ಗಂಟು. ಗಂಟು ಸರಿಯಾಗಿ ಬಿತ್ತು.

“ನಿಮ್ಮ ತಂಗೀಗೆ ಹೇಳಿ...” ಅನ್ನುತ್ತ ದೊಡ್ಡ ಸೊಸೆ ಮಾತು ಮುಗಿಸದೆ ಕಣ್ಣು ಮುಚ್ಚಿದಳು. ನೊಣ ಅವಳ ಮೂಗಿನ ಹತ್ತಿರ ಬೆರಳಿಟ್ಟ. ಉಸಿರಿತ್ತು. ಇವಳು ಬದುಕಿದರೆ ತಂಗಿ ಬದುಕುತ್ತಾಳೆ. ನೊಣ ಗೋಡೆಗೆ ಒರಗಿ ಅವಳ ನಾಡಿ ಹಿಡಿದು ಕೂತ.

ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಆಸ್ಪತ್ರೆಯವರು ಇಷ್ಟು ಬೇಗ ಬಂದರಲ್ಲ ಎಂದು ಅವನಿಗೆ ಸಂತೋಷವಾಯಿತು. ಬಾಗಿಲು ತೆರೆದವನು ತಂಗಿಯ ಗಂಡ.

“ಅಯ್ಯೋ ಭಾವ, ಏನಾಯ್ತು?” ಓಡಿಬಂದು ಅತ್ತಿಗೆಯ ಪಕ್ಕ ಕುಕ್ಕರಿಸಿದ. “ಇದೇನು, ಪ್ಲಾಸ್ಟಿಕ್ ಸುತ್ತಿ ಇಟ್ಟಿದೀರಾ? ಪಾಪ, ಚರ್ಮ ಬೆಂದು ಹೋಗುತ್ತೆ. ಬಿಚ್ತೀನಿ ಇರಿ, ಸ್ವಲ್ಪ ಗಾಳಿ ಆಡ್ಲಿ.”

ಬೇಡ ಅನ್ನಲು ನೊಣ ಬಾಯಿ ತೆರೆದ. ಇವನಿಗೆ ಮುಲಾಮಿನ ವಿಷಯ ತಿಳಿಯದು, ಒಳ್ಳೆಯ ಮನಸ್ಸಿನಿಂದ ಮಾಡುತ್ತಿದ್ದಾನೆ ಎಂದುಕೊಂಡ. ಆಗ ಆ ಕೈಯನ್ನು ನೋಡಿದ.

ತಂಗಿಯ ಗಂಡ ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಬೆರಳುಗಳ ಮೇಲೆ ಹೊದಿಸಿಕೊಂಡಿದ್ದ. ಚರ್ಮ ಎಲ್ಲೂ ತಾಗದ ಹಾಗೆ ತುದಿಯಲ್ಲಿ ಹಿಡಿದು ಪ್ಲಾಸ್ಟಿಕ್ಕನ್ನು ಸುತ್ತು ಸುತ್ತಾಗಿ ಬಿಚ್ಚುತ್ತಿದ್ದ. ಆಮೇಲೆ ಒದ್ದೆ ಬಟ್ಟೆಯನ್ನೂ ಎತ್ತಿ ಪಕ್ಕಕ್ಕಿಟ್ಟು, ಅತ್ತಿಗೆಯ ಮುಂಗೈಯನ್ನು ಕಿಟಕಿಯ ಗಾಳಿ ಬರುವ ಕಡೆಗೆ ತಿರುಗಿಸಿ ಇಟ್ಟ.

ನೊಣ ಕೈ ಎತ್ತಲು ನೋಡಿದ. ಕೈ ಮೇಲೇಳಲಿಲ್ಲ. ಫೋನ್ ಮೇಜಿನ ಮೇಲಿತ್ತು, ಎಟುಕುವ ಹಾಗಿರಲಿಲ್ಲ.

ತಂಗಿಯ ಗಂಡ ಕರವಸ್ತ್ರದ ಮಡಿಕೆ ಸರಿಮಾಡಿಕೊಂಡು ಅವನ ಕಡೆ ತಿರುಗಿದ.

“ನಿಮ್ಮದನ್ನೂ ಬಿಚ್ತೀನಿ. ಕೈ ಚಾಚಿ ಭಾವ.”